ಬಸ್ ಹತ್ತಬೇಕಾದ್ದು ಫೈಲು, ಮಗು ಅಲ್ಲ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಹ್ಯಾಕಥಾನ್‌ಗೆ ಹೆಸರು ಕೊಟ್ಟಿದ್ವಿ. ಥೀಮ್ ಹೆಲ್ತ್‌ಕೇರ್. ಎಲ್ಲ ಟೀಮ್‌ಗಳ ಹಾಗೆ ನಮಗೂ ಎರಡು ದಿನದಲ್ಲಿ ಜಗತ್ತು ಬದಲಾಯಿಸೋ ಐಡಿಯಾ ಹೊಳೀತು: ಫಿಟ್ಸ್ ಬಂದ ತಕ್ಷಣ ಪತ್ತೆ ಹಚ್ಚಿ ಮನೆಯವರ ಫೋನಿಗೆ ಅಲರ್ಟ್ ಕಳಿಸೋ ಕೈಪಟ್ಟಿ. ಎಸ್.ಪಿ. ರೋಡ್‌ನಿಂದ ತಂದ ಒಂದು ಇಎಸ್‌ಪಿ32, ಒಂದು ಆಕ್ಸಿಲೆರೋಮೀಟರ್, ಹಳೇ ವಾಚಿನ ಸ್ಟ್ರಾಪ್. ನಮ್ಮಲ್ಲೊಬ್ಬ ಕೈ ನಡುಗಿಸಿ ತೋರಿಸಿದರೆ ಬೀಪ್ ಅನ್ನುತ್ತಿತ್ತು. ಹಲ್ಲುಜ್ಜಿದರೂ ಬೀಪ್ ಅನ್ನುತ್ತಿತ್ತು, ಅದು ಬೇರೆ ಮಾತು.

ಸ್ಲೈಡ್‌ಗಳಲ್ಲಿ ಒಂದು 'ಯೂಸರ್ ಇಂಟರ್‌ವ್ಯೂ' ಇರಲೇಬೇಕು ಅಂತ ನಿಯಮ. ಹಾಸ್ಟೆಲ್ ಮೆಸ್‌ನಲ್ಲಿ ಚಪಾತಿ ಮಾಡೋ ಅಕ್ಕನ ಮಗನಿಗೆ ಫಿಟ್ಸ್ ಇದೆ ಅಂತ ಕೇಳಿದ್ವಿ. ಒಂದು ಸಂಜೆ ಕೈಪಟ್ಟಿ ಹಿಡ್ಕೊಂಡು ಹೋದ್ವಿ. ಅಕ್ಕ ಅದನ್ನ ತಿರುಗಿಸಿ ನೋಡಿ ಕೇಳಿದ್ದು ಇಷ್ಟು:

"ಫಿಟ್ಸ್ ಬಂದಿದ್ದು ನಂಗೆ ಗೊತ್ತಾಗತ್ತಪ್ಪ. ಅವನ ಪಕ್ಕದಲ್ಲೇ ಮಲಗಿರ್ತೀನಲ್ಲ. ಬಂದ್ಮೇಲೆ ಯಾರಿಗೆ ಫೋನ್ ಮಾಡ್ಬೇಕು, ಅದನ್ನ ಹೇಳತ್ತಾ ಇದು?"

ಹೇಳಲ್ಲ. ನಮಗೆ ಪ್ರೈಜೂ ಬರಲಿಲ್ಲ. ಆದರೆ ಆ ಪ್ರಶ್ನೆ ತಲೆಯಲ್ಲಿ ಉಳೀತು. ಈ ಲೇಖನ ಅದರ ಬಗ್ಗೆಯೇ.

ಅಕ್ಕನ ಊರು ಮಧ್ಯ ಕರ್ನಾಟಕದ ಒಂದು ಹಳ್ಳಿ. ಹೆಸರು ಹಾಕಬೇಡಿ ಅಂದಿದ್ದಾರೆ. ಹುಡುಗನಿಗೆ ಈಗ ಏಳು ವರ್ಷ. ಮೊದಲ ಸಲ ಫಿಟ್ಸ್ ಬಂದಾಗ ಐದು ತಿಂಗಳು. ಹಿಂದಿನ ದಿನ ಲಸಿಕೆ ಹಾಕಿಸಿದ್ದರು, ಮೈ ಸ್ವಲ್ಪ ಬಿಸಿ ಇತ್ತು, ಅಜ್ಜಿ ಕಾಲ ಮೇಲೆ ಮಲಗಿಸಿಕೊಂಡು ಹಂಡೆ ನೀರಿನ ಸ್ನಾನ ಮಾಡಿಸಿದ್ದರು. ಒಂದು ಕೈ ಅದುರೋಕೆ ಶುರುವಾಗಿದ್ದು ಅರ್ಧ ಗಂಟೆ ನಿಲ್ಲಲಿಲ್ಲ. ಊರಲ್ಲಿ ತಲೆಗೊಂದು ಕಾರಣ ಸಿಕ್ಕಿತು. ಒಬ್ಬರು ಲಸಿಕೆಯಿಂದ ಅಂದರು. ಒಬ್ಬರು ನೀರು ಜಾಸ್ತಿ ಬಿಸಿ ಆಯ್ತು ಅಂದರು. ಇನ್ನೊಬ್ಬರು ಬಾಲಗ್ರಹ ಅಂತ ತಾಯತ ಕಟ್ಟಿಸಿದರು. ಡಾಕ್ಟರ್ ಜ್ವರದ ಫಿಟ್ಸ್ ಅಂದರು, ಅದು ತಪ್ಪೂ ಅಲ್ಲ; ಮೊದಲ ಸಲಕ್ಕೆ ಬಹುತೇಕ ಮಕ್ಕಳಲ್ಲಿ ಅದೇ ಇರುತ್ತೆ. ಆದರೆ ಮತ್ತೆ ಬಂತು, ಮತ್ತೆ ಬಂತು. ಒಂದು ಸಲ ಎಡಗೈ, ಒಂದು ಸಲ ಬಲಗೈ. ಕಾರ್ಬಮಜೆಪಿನ್ ಅನ್ನೋ ಮಾತ್ರೆ ಶುರು ಮಾಡಿದರು. ಫಿಟ್ಸ್ ಜಾಸ್ತಿಯಾಯಿತು. ಡೋಸ್ ಏರಿಸಿದರು. ಇನ್ನೂ ಜಾಸ್ತಿಯಾಯಿತು.

ಹೀಗೆ ಎರಡೂವರೆ ವರ್ಷ. ಆಮೇಲೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರೊಬ್ಬರು ಜ್ವರ, ಬಿಸಿನೀರು, ಕೈ ಬದಲಾಗಿದ್ದು ಎಲ್ಲ ಕೇಳಿಸಿಕೊಂಡು ಜೀನ್ ಟೆಸ್ಟ್ ಬರೆದರು. ಡ್ರಾವೆ ಸಿಂಡ್ರೋಮ್. ಮಾತ್ರೆ ಬದಲಾಯಿತು. ಫಿಟ್ಸ್ ನಿಲ್ಲಲಿಲ್ಲ, ಆದರೆ ವಾರಕ್ಕೆರಡು ಸಲ ಬರ್ತಿದ್ದದ್ದು ತಿಂಗಳಿಗೊಂದು ಸಲಕ್ಕೆ ಇಳೀತು.

ನಾವು ಡಾಕ್ಟರ್‌ಗಳಲ್ಲ, ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಆದರೆ ಆ ಮಾತ್ರೆ ಯಾಕೆ ಉಲ್ಟಾ ಹೊಡೀತು ಅನ್ನೋದು ನಮ್ಮಂಥವರಿಗೂ ಅರ್ಥ ಆಗೋ ವಿಷಯ. ಶಾರ್ಲೆಟ್ ಡ್ರಾವೆ ಅನ್ನೋ ಫ್ರೆಂಚ್ ವೈದ್ಯೆ ಈ ಕಾಯಿಲೆಯನ್ನು 1978ರಲ್ಲಿ ವಿವರಿಸಿದರು. 2001ರಲ್ಲಿ ಇದರ ಹಿಂದಿರೋ ಜೀನ್ ಸಿಕ್ಕಿತು, ಹೆಸರು ಎಸ್‌ಸಿಎನ್1ಎ. ಅದು ನರಕೋಶದ ಒಂದು ಸೋಡಿಯಂ ಚಾನೆಲ್ ಕಟ್ಟೋ ಜೀನ್. ಈ ಚಾನೆಲ್ ಹೆಚ್ಚಾಗಿ ಬೇಕಾಗೋದು ಮೆದುಳಿನಲ್ಲಿ ಬ್ರೇಕ್ ಹಾಕೋ ನರಕೋಶಗಳಿಗೆ. ಡ್ರಾವೆ ಇರೋ ಮಕ್ಕಳಲ್ಲಿ ಆ ಬ್ರೇಕು ಮೊದಲೇ ಸಡಿಲ. ಕಾರ್ಬಮಜೆಪಿನ್, ಫೆನಿಟಾಯಿನ್ ಥರದ ಮಾತ್ರೆಗಳು ಕೆಲಸ ಮಾಡೋದೇ ಸೋಡಿಯಂ ಚಾನೆಲ್ ಮುಚ್ಚಿ. ಬೇರೆ ಎಷ್ಟೋ ಥರದ ಫಿಟ್ಸ್‌ಗೆ ಅವು ಒಳ್ಳೇ ಮಾತ್ರೆಗಳು. ಇಲ್ಲಿ ಮಾತ್ರ, ಸಡಿಲವಾದ ಬ್ರೇಕಿನ ವೈರನ್ನೇ ಕತ್ತರಿಸಿದ ಹಾಗೆ.

ಈ ಜೀನ್ ಬದಲಾವಣೆ ಹೆಚ್ಚಿನ ಮಕ್ಕಳಲ್ಲಿ ಹೊಸದಾಗಿ ಆಗಿರುತ್ತೆ, ಅಪ್ಪ ಅಮ್ಮನಿಂದ ಬಂದಿರೋದಿಲ್ಲ. ಲಸಿಕೆಯ ವಿಷಯಾನೂ ಹಾಗೇ. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರ ತಂಡ, ಲಸಿಕೆಯಿಂದ ಮೆದುಳಿಗೆ ಹಾನಿಯಾಯಿತು ಅಂತ ನಂಬಿದ್ದ 14 ಜನರನ್ನು ಪರೀಕ್ಷೆ ಮಾಡಿದಾಗ 11 ಜನರಲ್ಲಿ ಇದೇ ಜೀನ್ ಕೆಟ್ಟಿತ್ತು. ಇದನ್ನ ಅಕ್ಕನಿಗೆ ಹೇಳಿದಾಗ ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ "ನಮ್ಮತ್ತೆಗೆ ಇದನ್ನ ಯಾರಾದ್ರೂ ಹೇಳ್ಬೇಕಿತ್ತು" ಅಂದರು. ಸ್ನಾನ ಮಾಡಿಸಿದ ಅಜ್ಜಿ ತಾನೇ ಮಾಡಿದ್ದು ಅಂದುಕೊಂಡೇ ತೀರಿಕೊಂಡರಂತೆ.

ಎರಡೂವರೆ ವರ್ಷ ಮೊದಲೇ ಗೊತ್ತಾಗಿದ್ದರೆ ಹುಡುಗ ಪೂರ್ತಿ ಹುಷಾರಾಗಿರುತ್ತಿದ್ದ ಅಂತ ನಾವು ಹೇಳ್ತಿಲ್ಲ. ಡ್ರಾವೆ ಕಷ್ಟದ ಕಾಯಿಲೆ. ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಮಾತು, ನಡಿಗೆ, ಕಲಿಕೆ ಎಲ್ಲ ಹಿಂದೆ ಬೀಳಬಹುದು, ನಿದ್ದೆಯಲ್ಲೇ ಹಠಾತ್ ಸಾವಿನ ಭಯವೂ ಇದೆ. ನಮ್ಮ ವಾದ ಚಿಕ್ಕದು. ಆ ಎರಡೂವರೆ ವರ್ಷ ಹೋಗಿದ್ದು ದುಡ್ಡಿಲ್ಲದೆ ಅಲ್ಲ. ಆಮೇಲೆ ಕೊಟ್ಟ ವಾಲ್ಪ್ರೊಯೇಟ್, ಕ್ಲೋಬಜಾಮ್ ಎರಡೂ ಹಳೇ ಮಾತ್ರೆಗಳು, ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತವೆ. ತಾಲ್ಲೂಕಿನ ಡಾಕ್ಟರ್ ದಡ್ಡರಾಗಿದ್ದಕ್ಕೂ ಅಲ್ಲ. ಅವರಿಗೆ ಗೊತ್ತಿಲ್ಲದ್ದು ಗೊತ್ತಿರುವವರು ಇದೇ ರಾಜ್ಯದಲ್ಲಿದ್ದರು, ಇಬ್ಬರ ನಡುವೆ ದಾರಿ ಇರಲಿಲ್ಲ ಅಷ್ಟೆ.

ಒಂದು ಲೆಕ್ಕ ಹಾಕಿ. ಡ್ರಾವೆ ಸುಮಾರು 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತೆ ಅಂತಾರೆ. ಕರ್ನಾಟಕದಲ್ಲಿ ವರ್ಷಕ್ಕೆ 10 ಲಕ್ಷ ಮಕ್ಕಳು ಹುಟ್ಟುತ್ತಾರೆ ಅಂತಿಟ್ಟುಕೊಂಡರೆ ವರ್ಷಕ್ಕೆ ಕಡಿಮೆ ಅಂದರೂ 50 ಮಕ್ಕಳು. 31 ಜಿಲ್ಲೆಗೆ ಹಂಚಿದರೆ ಜಿಲ್ಲೆಗೆ ಒಂದೋ ಎರಡೋ. ತಾಲ್ಲೂಕು ಡಾಕ್ಟರ್ ತಮ್ಮ ಇಡೀ ಸರ್ವೀಸ್‌ನಲ್ಲಿ ಒಂದೇ ಒಂದು ಮಗು ನೋಡಬಹುದು, ನೋಡದೆಯೂ ಇರಬಹುದು. ಒಂದೇ ಸಲ ನೋಡೋ ಕಾಯಿಲೆಯಲ್ಲಿ ಯಾರೂ ಎಕ್ಸ್‌ಪರ್ಟ್ ಆಗೋಕೆ ಸಾಧ್ಯ ಇಲ್ಲ. ಆದರೆ ಆ 50 ಮಕ್ಕಳ ಕೇಸುಗಳು ಒಂದೇ ಟೇಬಲ್ ಮೇಲೆ ಬಂದರೆ ನಾಲ್ಕೈದು ವರ್ಷದಲ್ಲಿ ಆ ಟೇಬಲ್ಲಿನ ಸುತ್ತ ಕೂತವರಿಗೆ ಕಾಯಿಲೆಯ ಮುಖಪರಿಚಯ ಚೆನ್ನಾಗೇ ಆಗುತ್ತೆ. ಅಪರೂಪದ ಕಾಯಿಲೆಗೆ ಆಸ್ಪತ್ರೆ ಕಟ್ಟೋದಕ್ಕಿಂತ ಮೊದಲು ಟೇಬಲ್ ಹಾಕಬೇಕು.

ಇದು ನಮ್ಮಲ್ಲಿ ಆಗದ ಮಾತು ಅನ್ನುವವರಿಗೆ ನಮ್ಮ ಊರಿನದೇ ಉದಾಹರಣೆ ಇದೆ. ತಲೆ ಮೇಲೆ ಬಿಸಿನೀರು ಸುರಿದುಕೊಂಡಾಗ ಮಾತ್ರ ಬರೋ ಒಂದು ಥರದ ಫಿಟ್ಸ್ ಇದೆ. ಬೇರೆ ದೇಶಗಳಲ್ಲಿ ಬಹಳ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಅಷ್ಟು ಅಪರೂಪ ಅಲ್ಲ. ನಮ್ಮ ತಲೆಸ್ನಾನದ ಪದ್ಧತಿ ಗೊತ್ತಲ್ಲ, ಹಂಡೆಯಿಂದ ಚೊಂಬಲ್ಲಿ ಮೊಗೆದು ಮೊಗೆದು ಸುರಿಯೋದು. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಅವರ ಜೊತೆಯವರು ಇದರ ಬಗ್ಗೆ ಐದು ದಶಕಗಳಿಗೂ ಹಿಂದೆಯೇ ಬರೆದರು. ಆಮೇಲೆ ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತಿತರರು ಕೇಸು ಕೇಸು ಸೇರಿಸಿ ಅಧ್ಯಯನ ಮಾಡಿದರು. ಅದರಿಂದ ಬಂದ ಉತ್ತರ ಎಷ್ಟು ಸರಳ ನೋಡಿ: ನೀರು ಉಗುರುಬೆಚ್ಚಗಿರಲಿ, ಕೆಲವರಿಗೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಒಂದು ಮಾತ್ರೆ ಸಾಕು. ಕೇಸುಗಳು ಬೇರೆ ಬೇರೆ ಊರಲ್ಲಿ ಚದುರಿ ಹೋಗಿದ್ದರೆ ಪ್ರತಿಯೊಂದೂ 'ಗಾಳಿ ಮೆಟ್ಟಿದೆ' ಅನ್ನೋ ಲೆಕ್ಕಕ್ಕೇ ಹೋಗ್ತಿತ್ತು.

(ತಮಾಷೆ ಅಂದ್ರೆ, ಅಕ್ಕನ ಮಗನಿಗೂ ಮೊದಮೊದಲು ಯಾರೋ ಇದೇ ಬಿಸಿನೀರಿನ ಫಿಟ್ಸ್ ಅಂತ ಹೇಳಿ ವಾಪಸ್ ಕಳಿಸಿದ್ದರಂತೆ. ಡ್ರಾವೆ ಮಕ್ಕಳಿಗೂ ಮೈ ಬಿಸಿಯಾದರೆ ಫಿಟ್ಸ್ ಬರುತ್ತೆ. ಅರ್ಧ ಗೊತ್ತಿರೋದೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತೆ.)

ಅದೇ ಡಾ. ಮಣಿ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಹಳ್ಳಿ ಹಳ್ಳಿ ಸುತ್ತಿಸಿ ಫಿಟ್ಸ್ ಇರುವವರನ್ನು ಹುಡುಕಿಸಿ, ಕಡಿಮೆ ಬೆಲೆಯ ಮಾತ್ರೆಗಳಲ್ಲೇ ಎಷ್ಟು ಜನರನ್ನು ಅಲ್ಲೇ ನೋಡಿಕೊಳ್ಳಬಹುದು ಅಂತ ತೋರಿಸಿದರು. ಫಿಟ್ಸ್ ಇರೋ ಹತ್ತು ಜನರಲ್ಲಿ ಏಳು ಜನರ ತನಕ ಸರಿಯಾದ ಮಾತ್ರೆಯಲ್ಲಿ ಹತೋಟಿಗೆ ಬರುತ್ತಾರೆ. ಅವರು ಬೆಂಗಳೂರಿಗೆ ಬರಬೇಕಾಗೇ ಇಲ್ಲ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಹಳ್ಳಿಯಲ್ಲಿ ಸಾವಿರಕ್ಕೆ 11.9, ಪೇಟೆಯಲ್ಲಿ 5.7 ಜನರಿಗೆ ಫಿಟ್ಸ್ ಇತ್ತು. ಅಂದ್ರೆ ಹಳ್ಳಿಯಲ್ಲಿ ಎರಡು ಪಟ್ಟು. ಈ ಏಳು ಜನರನ್ನು ಜಿಲ್ಲೆಯಲ್ಲೇ ನೋಡಿದರೆ ತಾನೇ ಉಳಿದ ಮೂವರಿಗೆ ಬೆಂಗಳೂರಿನ ಕ್ಯೂನಲ್ಲಿ ಜಾಗ? 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಕೋಲಾರ, ಚಿಕ್ಕಬಳ್ಳಾಪುರ, ಜಯನಗರದಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಶುರು ಮಾಡಿ ಆಮೇಲೆ ಬೇರೆ ಜಿಲ್ಲೆಗಳಿಗೂ ತಂದಿದೆ. ಒಳ್ಳೇದೇ. ನಮ್ಮ ಪ್ರಶ್ನೆ ಅದರ ಮುಂದಿನ ಮೆಟ್ಟಿಲಿನದು: ಆ ಕ್ಲಿನಿಕ್‌ನಲ್ಲಿ ಎರಡು ಮಾತ್ರೆ ಕೊಟ್ಟರೂ ಬಗ್ಗದ ಮಗು ಬಂದಾಗ ಡಾಕ್ಟರ್ ಯಾರಿಗೆ ಫೋನ್ ಮಾಡಬೇಕು? ಅಕ್ಕನ ಪ್ರಶ್ನೆ ಅವರದ್ದೂ ಹೌದು.

ಹೃದಯಕ್ಕೆ ಈ ಮೆಟ್ಟಿಲು ಈಗಾಗಲೇ ಇದೆ. ಅಪ್ಪು ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಹೋದರೆ ಅಲ್ಲೇ ಇಸಿಜಿ ತೆಗೆದು ಜಯದೇವದಂಥ ಹಬ್ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿಂದ ಸರಿ ಅಂದರೆ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ, ಉಚಿತವಾಗಿ. ರೋಗಿ ಬರೋದಕ್ಕಿಂತ ಮೊದಲು ರೋಗಿಯ ಸಿಗ್ನಲ್ ಬರುತ್ತೆ.

ಮೆದುಳಿನ ಸಿಗ್ನಲ್ ಯಾಕೆ ಬರಬಾರದು? ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಓದ್ತಿರೋ ನಾವು ಒಂದು ರಾತ್ರಿ ಲೆಕ್ಕ ಹಾಕಿದ್ವಿ. ಇಇಜಿಯ 21 ಚಾನೆಲ್, ಸೆಕೆಂಡಿಗೆ 256 ಸ್ಯಾಂಪಲ್, ಸ್ಯಾಂಪಲ್‌ಗೆ 2 ಬೈಟ್. ಅರ್ಧ ಗಂಟೆಗೆ ಸುಮಾರು 19 ಎಂಬಿ. ಮದುವೆ ಮನೆಯಿಂದ ವಾಟ್ಸಾಪ್‌ನಲ್ಲಿ ಬರೋ ಒಂದು ವಿಡಿಯೋ ಇದಕ್ಕಿಂತ ದೊಡ್ಡದಿರುತ್ತೆ. ಆದರೆ ಅಕ್ಕ ಮಗನ ಇಇಜಿ ಪ್ರಿಂಟ್‌ಔಟ್‌ನ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಎಷ್ಟೋ ಸಲ ಬೆಂಗಳೂರಿಗೆ ಬಂದಿದ್ದಾರೆ. ನಿದ್ದೆಗೆಟ್ಟರೆ ಫಿಟ್ಸ್ ಹೆಚ್ಚಾಗೋ ಮಗುವನ್ನ ರಾತ್ರಿಯೆಲ್ಲ ಎಚ್ಚರ ಇಟ್ಟು ಕರೆತರೋದೇ ನಮ್ಮ ವ್ಯವಸ್ಥೆ. ಒಂದು ಸಲ ಬಸ್ಸಲ್ಲೇ ಫಿಟ್ಸ್ ಬಂತು. ಕಂಡಕ್ಟರ್ ಬೀಗದ ಕೈ ಕೊಟ್ಟರಂತೆ. ಪಾಪ, ಅವರಿಗೂ ಯಾರು ಹೇಳಿಕೊಟ್ಟಿದ್ದಾರೆ?

ಇಸಿಜಿಯಷ್ಟು ಸುಲಭ ಅಲ್ಲ ಅನ್ನೋದೂ ನಿಜ. ಇಇಜಿ ತೆಗೆಯೋಕೆ ಕಲಿತ ಟೆಕ್ನಿಷಿಯನ್ ಬೇಕು, ಮಗು ಮಲಗಬೇಕು, ಓದೋಕೆ ಹೊತ್ತು ಬೇಕು. ಆದರೆ ಕೆಲವು ಕಾಯಿಲೆಗಳಲ್ಲಿ ಮೊಬೈಲ್ ವಿಡಿಯೋನೇ ಅರ್ಧ ಕೆಲಸ ಮಾಡುತ್ತೆ. ವೆಸ್ಟ್ ಸಿಂಡ್ರೋಮ್ ಅಂತ ಒಂದಿದೆ. ಐದಾರು ತಿಂಗಳ ಕೂಸು ನಿದ್ದೆಯಿಂದ ಎದ್ದ ಕೂಡಲೇ ಸಾಲಾಗಿ ತಲೆ ಬಗ್ಗಿಸಿ ಬಗ್ಗಿಸಿ ಕೈ ಮುಂದೆ ತರುತ್ತೆ. ನೋಡಿದವರು ಬೆಚ್ಚಿಬೀಳ್ತಿದೆ, ಹೊಟ್ಟೆನೋವು ಅಂದುಕೊಳ್ಳುತ್ತಾರೆ. ಇದಕ್ಕೆ ಚಿಕಿತ್ಸೆ ತಡವಾದಷ್ಟೂ ಮಗುವಿನ ಬೆಳವಣಿಗೆಗೆ ಪೆಟ್ಟು. ಈ ಕಾಯಿಲೆಗೆ ಹೆಸರು ಕೊಟ್ಟ ಡಬ್ಲ್ಯೂ.ಜೆ. ವೆಸ್ಟ್ ಇಂಗ್ಲೆಂಡಿನ ಒಂದು ಸಣ್ಣ ಊರಿನ ವೈದ್ಯ. 1841ರಲ್ಲಿ ಅವನು ಲ್ಯಾನ್ಸೆಟ್ ಪತ್ರಿಕೆಗೆ ಬರೆದ ಕಾಗದ ತನ್ನ ಸ್ವಂತ ಮಗನ ಬಗ್ಗೆ. ಲಂಡನ್ನಿಗೆ ಕರೆದುಕೊಂಡು ಹೋಗಿ ದೊಡ್ಡ ಡಾಕ್ಟರ್‌ಗಳಿಗೆ ತೋರಿಸಿದ್ದ, ಗುಣ ಆಗಲಿಲ್ಲ. ಬೇರೆ ಯಾರಾದರೂ ಇಂಥದ್ದು ನೋಡಿದ್ದಾರಾ ಅಂತ ಪತ್ರಿಕೆಯಲ್ಲಿ ಕೇಳೋದೇ ಅವನಿಗಿದ್ದ ದಾರಿ. ನಮ್ಮ ಅಕ್ಕನಿಗೂ ಅವನಿಗೂ ನಡುವೆ ಸುಮಾರು 180 ವರ್ಷ ಇದೆ, ಆದರೆ ಕುದುರೆಗಾಡಿ ಹೋಗಿ ಬಸ್ ಬಂದಿದ್ದು ಬಿಟ್ಟರೆ ಕಥೆ ಅಷ್ಟೇನೂ ಬದಲಾಗಿಲ್ಲ.

ಯುರೋಪಿನಲ್ಲಿ ಇದಕ್ಕೆ ಮಾಡಿದ ವ್ಯವಸ್ಥೆ ಓದಿದಾಗ ನಮಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯ್ತು. 2017ರಲ್ಲಿ ಅಪರೂಪದ ಕಾಯಿಲೆಗಳಿಗೆ ಅಂತ ಅಲ್ಲಿ 24 ನೆಟ್‌ವರ್ಕ್ ಶುರುವಾದವು. ಅದರಲ್ಲಿ ಒಂದು ಅಪರೂಪದ, ಗಂಭೀರ ಫಿಟ್ಸ್‌ಗಳಿಗೇ ಮೀಸಲು, ಹೆಸರು ಎಪಿಕೇರ್, ಫ್ರಾನ್ಸಿನ ಲಿಯಾನ್‌ನಿಂದ ನಡೆಯಿತು. ಡಾಕ್ಟರ್ ಒಬ್ಬರು ಮಗುವಿನ ಇಇಜಿ, ಸ್ಕ್ಯಾನ್, ವಿಡಿಯೋ ಎಲ್ಲ ಅಪ್‌ಲೋಡ್ ಮಾಡಿದರೆ ಬೇರೆ ಬೇರೆ ದೇಶದ ತಜ್ಞರು ಆನ್‌ಲೈನ್ ಕೂತು ಚರ್ಚೆ ಮಾಡಿ ಸಲಹೆ ಕೊಡುತ್ತಾರೆ. ಮಗು ತನ್ನ ಊರಲ್ಲೇ ಇರುತ್ತೆ. ಆಪರೇಷನ್ನೇ ಬೇಕು ಅಂದಾಗ ಮಾತ್ರ ಪ್ರಯಾಣ. ಅಲ್ಲೂ ಎಲ್ಲ ಸರಿ ಇಲ್ಲ. ಈ ನೆಟ್‌ವರ್ಕ್‌ಗಳಿಗೆ ಶಾಶ್ವತವಾಗಿ ಹಣ ಎಲ್ಲಿಂದ ಅನ್ನೋ ಪ್ರಶ್ನೆಯನ್ನ 2019ರಲ್ಲಿ ಅವರ ಆಡಿಟರ್‌ಗಳೇ ಎತ್ತಿದ್ದರು.

ನಮಗೆ ಪಾಠ ಇರೋದು ಅಲ್ಲೇ. ಪೋರ್ಟಲ್ ಮಾಡೋದು ಸುಲಭ. ನಮ್ಮ ಕ್ಲಾಸಿನವರೇ ಒಂದು ವಾರದಲ್ಲಿ ಮಾಡಿ ಕೊಡ್ತೀವಿ, ಡಾರ್ಕ್ ಮೋಡ್ ಸಮೇತ. ತಜ್ಞರು ಬುಧವಾರ ಮಧ್ಯಾಹ್ನ ಎರಡು ಗಂಟೆ ಒಪಿಡಿ ಬಿಟ್ಟು ಆ ಪೋರ್ಟಲ್ ಮುಂದೆ ಕೂತರೆ ಅದು ಡ್ಯೂಟಿ ಅಂತ ಲೆಕ್ಕಕ್ಕೆ ಬರಬೇಕು, ಅವರ ಒಪಿಡಿ ಯಾರು ನೋಡ್ತಾರೆ ಅಂತ ಬರೆದಿರಬೇಕು. ಕೋಡ್‌ನಲ್ಲಿ ಬಗೆಹರಿಯದ ಭಾಗ ಇದು. 'ಎಐ ಬಂದ್ಮೇಲೆ ತಜ್ಞರೇ ಬೇಡ ಬಿಡ್ರೋ' ಅಂತ ನಮ್ಮ ಟೀಮಿನವನೇ ಒಬ್ಬ ವಾದ ಮಾಡಿದ. ಇರಲಿ, ಎಐ ಇಇಜಿ ಓದಿ 'ಅಸಹಜ' ಅಂತ ಹೇಳಿತು ಅಂದುಕೊಳ್ಳೋಣ. ಆ ರಿಪೋರ್ಟ್ ಹಿಡಿದು ಅಕ್ಕ ಯಾವ ಬಾಗಿಲಿಗೆ ಹೋಗಬೇಕು? ನಮ್ಮ ಕೈಪಟ್ಟಿ ಮಾಡಿದ ತಪ್ಪನ್ನೇ ದೊಡ್ಡದಾಗಿ ಮಾಡಿದ ಹಾಗೆ.

ನಮ್ಮನ್ನ ಕೇಳಿದರೆ ಮೊದಲು ಬೇಕಾದ್ದು ಪೋರ್ಟಲ್ ಕೂಡ ಅಲ್ಲ, ಒಬ್ಬ ಮನುಷ್ಯ. ಪ್ರತಿ ಜಿಲ್ಲೆಯಲ್ಲಿ ಇಂಥ ಮಕ್ಕಳ ಪಟ್ಟಿ ಇಟ್ಟುಕೊಂಡು, ಫೋನ್ ಎತ್ತೋ ಒಬ್ಬ ನರ್ಸ್. ಈ ಮಗುವಿಗೆ ಯಾವ ಮಾತ್ರೆ ಕೊಡಬಾರದು, ಐದು ನಿಮಿಷ ದಾಟಿದರೆ ಮೂಗಿಗೆ ಹಾಕೋ ಮಿಡಜೋಲಮ್ ಎಷ್ಟು, ಬೆಂಗಳೂರಿನಲ್ಲಿ ಯಾರನ್ನ ಕೇಳಬೇಕು ಅಂತ ಗೊತ್ತಿರೋರು. ಇನ್ನೊಂದು ಸಂಗತಿ ನಾವು ಕೇಳೋ ತನಕ ಯೋಚಿಸಿಯೇ ಇರಲಿಲ್ಲ: ಈ ಮಕ್ಕಳು ದೊಡ್ಡವರಾಗುತ್ತಾರೆ. ಹದಿನೆಂಟು ತುಂಬಿದ ಮೇಲೆ ಮಕ್ಕಳ ವಿಭಾಗ ಇಲ್ಲ ಅನ್ನುತ್ತೆ, ದೊಡ್ಡವರ ವಿಭಾಗದಲ್ಲಿ ಮೊದಲಿಂದ ಕಥೆ ಹೇಳಬೇಕು. ನಮಗೆ ಹತ್ತೊಂಬತ್ತು. ನಾವು ಪಿಯು ಮುಗಿಸಿ ಕಾಲೇಜು ಬದಲಾಯಿಸಿದಾಗ ಮಾರ್ಕ್ಸ್ ಕಾರ್ಡ್, ಟಿಸಿ ಎಲ್ಲ ಜೊತೆಗೆ ಬಂತು. ಹದಿನೆಂಟು ವರ್ಷದ ಫಿಟ್ಸ್‌ನ ಇತಿಹಾಸಕ್ಕೆ ಒಂದು ಟಿಸಿ ಇಲ್ಲ.

ಕೈಪಟ್ಟಿ ಈಗ ಡ್ರಾಯರ್‌ನಲ್ಲಿದೆ, ಬ್ಯಾಟರಿ ತೆಗೆದು ಬೇರೆ ಪ್ರಾಜೆಕ್ಟ್‌ಗೆ ಹಾಕಿಕೊಂಡ್ವಿ. ಅದರ ಬದಲು ಅಕ್ಕನಿಗೆ ಒಂದು ಪುಟದ ಹಾಳೆ ಟೈಪ್ ಮಾಡಿಕೊಟ್ವಿ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಕಾಯಿಲೆಯ ಹೆಸರು, ಈಗಿನ ಮಾತ್ರೆ, ಕೊಡಬಾರದ ಮಾತ್ರೆ, ಫಿಟ್ಸ್ ಬಂದರೆ ನಿಮಿಷಕ್ಕೆ ಸರಿಯಾಗಿ ಏನು ಮಾಡಬೇಕು. ಒಳಗಿನ ವಿಷಯ ಅವರ ಡಾಕ್ಟರೇ ತುಂಬಿ ಸಹಿ ಹಾಕಿದರು. ನಮ್ಮ ಕೊಡುಗೆ ಅಂದ್ರೆ ಫಾಂಟ್ ಮತ್ತು ಲ್ಯಾಮಿನೇಷನ್, ಕನ್ನಡದ ಕಡೆ ಎರಡು ಕಾಗುಣಿತ ತಪ್ಪು (ಇಂಗ್ಲಿಷ್ ಮೀಡಿಯಂ, ಕ್ಷಮಿಸಿ).

ಎರಡು ವರ್ಷದಿಂದ ಅಕ್ಕ ಊರಿಗೆ ಹೋಗಿರಲಿಲ್ಲ. ಅಲ್ಲಿ ರಾತ್ರಿ ಫಿಟ್ಸ್ ಬಂದರೆ ಅಂತ ಭಯ. ಗಂಡ ಅಲ್ಲೇ ಜಮೀನು ನೋಡಿಕೊಂಡಿದ್ದಾರೆ. ಈ ಸಲ ದೀಪಾವಳಿಗೆ ಹೋದರು. ಹೋಗೋ ಮುಂಚೆ ಹಾಳೆಯ ಇನ್ನೆರಡು ಕಾಪಿ ಕೇಳಿದರು: ಒಂದು ಮನೆ ಗೋಡೆಗೆ, ಒಂದು ತಾಲ್ಲೂಕು ಆಸ್ಪತ್ರೆಗೆ. ವಾಪಸ್ ಬಂದಾಗ, ಆಸ್ಪತ್ರೆಯಲ್ಲಿ ಏನಂದ್ರಕ್ಕ ಅಂತ ಕೇಳಿದ್ವಿ.

"ನರ್ಸಮ್ಮ ಓದಿದ್ರು. ಓದಿ, ಇಂಥ ಮಕ್ಕಳು ಇನ್ನೂ ಇಬ್ಬರಿದ್ದಾರೆ, ಇದರ ಖಾಲಿ ಹಾಳೆ ಇದೆಯಾ ಅಂತ ಕೇಳಿದ್ರು."